ಹದಿನೇಳು ಹೌದು, ಒಂದು ಇಲ್ಲ

"ಕತ್ತೆಮುಂಡೇವಾ, ಇನ್ನೊಂದ್ಸಲ ಹೇಳ್ತೀನಿ ಕೇಳ್ಕಳಿ," ಅಂದ, ಸರ್ಕಾರ ನಮಗೆ ಕೊಟ್ಟ ಲಾಯರ್ ಪ್ರೂಯಿಟ್. "ಜಡ್ಜ್ ಏನೇ ಕೇಳ್ಲಿ, ಹೌದು ಸಾರ್. ಯಾರಾದ್ರೂ ಬಲವಂತ ಮಾಡಿದ್ರಾ ಅಂದಾಗ ಮಾತ್ರ ಇಲ್ಲ ಸಾರ್. ಹದಿನೇಳು ಹೌದು, ಒಂದು ಇಲ್ಲ. ಅಷ್ಟೂ ಬರಲ್ವಾ?"

ಅಲಬಾಮಾದ ನಮ್ಮ ಕೋರ್ಟಿನಲ್ಲಿ ಸೋಮವಾರ ತಪ್ಪೊಪ್ಪಿಗೆಯ ಸಂತೆ. ಆರು ಹೆಂಗಸರ ಕಾಲಿಗೆ ಒಂದೇ ಸರಪಳಿ ಹಾಕಿ, ಸಾಲಾಗಿ ನಿಲ್ಲಿಸಿ, ಒಂದೊಂದು ಪ್ರಶ್ನೆಯನ್ನೂ ಆರು ಸಲ ಕೇಳುತ್ತಾರೆ. ಕೋಳಿ ಕಾರ್ಖಾನೆಯಲ್ಲಿ ನಾವು ರೆಕ್ಕೆ ಕತ್ತರಿಸುವ ಸಾಲೂ ಇಷ್ಟು ಚುರುಕಲ್ಲ. ಲೈಸೆನ್ಸಿಲ್ಲದೆ ಗಾಡಿ ಓಡಿಸಿ ಸಿಕ್ಕಿಬಿದ್ದು ನಾನು ಇಲ್ಲಿಗೆ ಬಂದಿರುವುದು ಇದು ಮೂರನೇ ಸಲ. ಒಪ್ಪಿದರೆ ಮಧ್ಯಾಹ್ನವೇ ಮನೆ, ಒಪ್ಪದಿದ್ದರೆ ವಿಚಾರಣೆಗೆ ಕಾಯುತ್ತಾ ಅಕ್ಟೋಬರಿನವರೆಗೆ ಜೈಲು.

ನನ್ನ ಎಡಕ್ಕೆ ವರ್ಲೀನ್ ಟಬ್ಸ್, ಹೋಟೆಲಿನ ಬಟ್ಟೆ ಒಗೆಯುವ ಮುದುಕಿ. ಪೊಲೀಸರು ವಾರಂಟಿಲ್ಲದೆ ಅವಳ ಹಿತ್ತಲ ಕೋಣೆಯ ಬೀಗ ಒಡೆದು, ಕದ್ದ ತಾಮ್ರದ ತಂತಿ ಹಿಡಿದಿದ್ದರು. ತಂತಿ ಇದ್ದದ್ದು ನಿಜ, ಬೀಗ ಒಡೆದದ್ದು ಸರಿಯೋ ತಪ್ಪೋ ಮೇಲಿನ ಕೋರ್ಟು ಹೇಳಲಿ ಅನ್ನುವುದು ಅವಳ ಹಟ. ಅದೆಲ್ಲ ಆಮೇಲೆ ಅಂದು ಪ್ರೂಯಿಟ್ ಅವಳ ಬಾಯಿ ಮುಚ್ಚಿಸಿದ್ದ.

ಒಂಬತ್ತು ಪ್ರಶ್ನೆ ಸಲೀಸಾಗಿ ಸಾಗಿದವು. ಹತ್ತನೆಯದು, ಈ ಕಾಗದಕ್ಕೆ ರುಜು ಹಾಕಿ ಮೇಲ್ಮನವಿ ಮಾಡುವ ಹಕ್ಕು ಬಿಟ್ಟುಕೊಡುತ್ತಿದ್ದೀರಿ, ಅರ್ಥವಾಯಿತೇ ಅಂತ. ನಾಲ್ವರು ಹೌದು ಅಂದರು.

"ಇಲ್ಲ ಸಾರ್," ಅಂದಳು ವರ್ಲೀನ್.

ಪಾಪ, ಮುದುಕಿ ಲೆಕ್ಕ ತಪ್ಪಿ ಇದ್ದ ಒಂದು 'ಇಲ್ಲ'ವನ್ನು ಇಲ್ಲೇ ಖರ್ಚು ಮಾಡಿಬಿಟ್ಟಳು ಅಂದುಕೊಂಡು ಮೊಣಕೈಯಲ್ಲಿ ತಿವಿದೆ. ಅವಳು ಕದಲಲಿಲ್ಲ. ಯಾವುದು ಅರ್ಥವಾಗಲಿಲ್ಲ ಅಂತ ಜಡ್ಜ್ ಕನ್ನಡಕ ತೆಗೆದ.

"ನೀವು ತಪ್ಪೇ ಮಾಡಲ್ಲ ಅಂದ್ಮೇಲೆ ಈ ಕಾಗ್ದ ಯಾಕೆ ಸಾಮಿ? ಮಾಡ್ತೀರಿ ಅಂದ್ರೆ ನಾನ್ಯಾಕೆ ರುಜು ಹಾಕ್ಲಿ?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅಕ್ಟೋಬರ್‌ವರೆಗೂ ಕೊಳೀತೀಯ ಮುದಿಗೂಬೆ ಅಂತ ಪ್ರೂಯಿಟ್ ಹಲ್ಲು ಕಡಿದ.

"ಹಂಗಾದ್ರೆ ಕೂತ್ಕಂಡೇ ಕಾಯ್ತೀನಿ ಬಿಡಪ್ಪ," ಅಂದು ಅವಳು ನೆಲದ ಮೇಲೆ ಕುಕ್ಕರಿಸಿದಳು. ಸರಪಳಿ ನನ್ನ ಕಾಲನ್ನು ಜಗ್ಗಿತು.

ಜಡ್ಜ್ ಅವಳನ್ನು ಬಿಟ್ಟು ನನ್ನತ್ತ ತಿರುಗಿದ. ನಿನಗಾದರೂ ಅರ್ಥವಾಯಿತಲ್ಲ ಅಂದ.

ಮನೆಗೆ ಹೋಗಿ ಬಿಸಿ ಬಿಸಿ ಬೀನ್ಸ್ ಬೇಯಿಸಿಕೊಂಡು ತಿನ್ನಬೇಕೆಂದು ಬೆಳಿಗ್ಗೆಯಿಂದ ಬಾಯಲ್ಲಿ ನೀರೂರುತ್ತಿತ್ತು. ಹಾಳಾದ ಮುದುಕಿ ಅಂತ ಸಿಟ್ಟೂ ಬಂತು. ಹಿಂದೆ ಎರಡು ಸಲ ಇದೇ ಪ್ರಶ್ನೆಗೆ ಹೌದು ಅಂದಿದ್ದೆ, ಏನು ಬಿಟ್ಟುಕೊಟ್ಟೆನೆಂದು ಯಾವನೂ ಹೇಳಿರಲಿಲ್ಲ.

"ಇಲ್ಲ ಸಾರ್," ಅಂದು ಅವಳ ಪಕ್ಕ ಕೂತೆ.

ಆ ತುದಿಯಲ್ಲಿ, ಆಗಲೇ ಹೌದು ಅಂದಿದ್ದ ನಾಲ್ವರಲ್ಲಿ ಒಬ್ಬಳು ನಿಧಾನಕ್ಕೆ ಮಂಡಿ ಮಡಿಸಿದಳು.