ಬಂಡಿದಾರಿಯ ಪುಟ

ಶ್ರಾವಣದ ಜಿಟಿಜಿಟಿ ಈಗಷ್ಟೇ ನಿಂತು ಕಚೇರಿಯ ಕಿಟಕಿಯಿಂದ ಹಸಿ ಎರೆಮಣ್ಣಿನ ವಾಸನೆ, ಪಕ್ಕದ ಗೋಪನಕೊಪ್ಪದಲ್ಲಿ ಯಾರೋ ಪಾಯ ತೋಡುತ್ತಿರಬೇಕು, ಎಂದುಕೊಳ್ಳುತ್ತಲೇ ಗೀತಾಂಜಲಿ ಪರದೆ ನೋಡಿದಳು, ಹದಿನೆಂಟನೆಯ ಹೆಸರು, ಇನ್ನೂ ಹದಿನೆಂಟು, ಕಾಗದದಲ್ಲಿ ಹೆಸರು ಹುಡುಕಲು ಎಂಟಕ್ಕೆ ಓಡಿಸಿದ ಸ್ಕ್ರಿಪ್ಟು, ಹನ್ನೊಂದಾಯಿತು, ಬಂಡಿದಾರಿ ಬದಿಯ ಹೊಲದ ಹೆಸರುಗಳು ನೂರಾ ನಲವತ್ತು, ಹಳೆಯ ಕಂದಾಯದ ಕಾಗದ ಎಂಟು ಸಾವಿರ ಪುಟ, ಮೂರಕ್ಕೆ ಕೋರ್ಟು. ವಕೀಲ ಕುಮಾರಸ್ವಾಮಿಯವರು ಎರಡು ಸಲ ಇಣುಕಿದರು, ಏನವಾ, ನಿನ್ನ ಯಂತ್ರ ಉಂಡು ಮಕ್ಕೊಂಡೈತೇನು, ದಾರಿ ಇತ್ತು ಅನ್ನೂದಕ್ಕ ಒಂದರ ಕಾಗದ ಬೇಕಲಾ, ಇಲ್ಲಂದ್ರ ನಿಮ್ಮ ಶಿರಗುಪ್ಪಿ ಮಂದಿ ಗೇಟಿನ ಮುಂದ ಬಂಡಿ ಬಿಟ್ಕೊಂಡು ಕೂಡಬೇಕಾಗತೈತಿ. ಆ ಗೇಟು — ಪ್ಲಾಟು ಮಾಡಿದವನು ಬಂಡಿದಾರಿಗೆ ಅಡ್ಡ ನಿಲ್ಲಿಸಿ ಬೀಗ ಜಡಿದದ್ದು, ಅದರಾಚೆ ಮೂವತ್ತು ಮನೆಗಳ ಹೊಲ, ಹತ್ತಿ ಮೊಣಕಾಲುದ್ದ, ಕಳೆಕಸ ಅದಕ್ಕೂ ಎತ್ತರ — ಅದೇ ದಾರಿಯ ಕೆಸರಿನಲ್ಲಿ ಪಕ್ಕದ ಮನೆಯ ಮಾಳವ್ವ ತನ್ನನ್ನು ಸಾಲೆಯ ಬಸ್ಸಿನತನಕ ಬಂಡಿಯಲ್ಲಿ ಬಿಡುತ್ತಿದ್ದಳು, ದೊಡ್ಡಾಕಿ ಆದಮ್ಯಾಲ ಈ ಬಂಡಿ ಋಣ ತೀರಸಬೇಕ ನೋಡು, ತೀರಿಸುವುದೆಲ್ಲಿ, ಹತ್ತೊಂಬತ್ತನೆಯ ಹೆಸರು, ಮತ್ತೆ ಮೊದಲ ಪುಟದಿಂದ, ಮತ್ತೆ ಮೊದಲಿನಿಂದ, ಹಾಗೆಯೇ ಅಲ್ಲವೇ ರಜೆಯಲ್ಲಿ ಮಾಳವ್ವನ ಹಿಂದೆ ಕಸ ತೆಗೆಯಲು ಹೋದದ್ದು, ಕರಿಕಿಯನ್ನಷ್ಟೇ ಕೀಳುತ್ತ ಸಾಲಿನ ಕೊನೆ ಮುಟ್ಟಿ, ತಿರುಗಿ ಬಂದು ಜೇಕು, ಮತ್ತೆ ಬಂದು ಇನ್ನೊಂದು, ಮಾಳವ್ವ ಕಸ ತೆಗೆಯುವ ಕುರ್ಚಿಗಿ ಕೆಳಗಿಟ್ಟು ನಗುತ್ತಾಳೆ, ಅಯ್ಯ ಹುಚ್ಚವ್ವಾ, ಒಂದೊಂದು ಕಸಕ್ಕ ಒಂದೊಂದು ಸಲ ತಿರುಗಿದ್ರ ದೀಪಾವಳಿ ಬರತೈತಿ, ಎಲ್ಲಾ ಕಸದ ಮಾರಿ ಕಣ್ಣಾಗ ಇಟ್ಕೋ, ಸಾಲು ಒಮ್ಮೆ ನಡಿ, ಅವಳ ಮುಷ್ಟಿ, ಬೆರಳ ಸಂದಿಯಿಂದ ಜೋಲುವ ಬಗೆಬಗೆಯ ಬೇರು, ಬೇರಿಗೆ ಕರಿಮಣ್ಣು —

ಹುಚ್ಚವ್ವ ಇನ್ನೂ ಹುಚ್ಚವ್ವನೇ. ಸ್ಕ್ರಿಪ್ಟು ನಿಲ್ಲಿಸಿಬಿಟ್ಟಳು, ಮೂರು ತಾಸಿನ ದುಡಿತ ಹೋಗಲಿ, ಪುಟ ಒಮ್ಮೆ ಮಾತ್ರ ತೆರೆಯಲಿ, ನೂರಾ ನಲವತ್ತೂ ಹೆಸರು ಜೊತೆಗೇ ಇರಲಿ, ಕಂಡದ್ದನ್ನೆಲ್ಲ ಒಂದೇ ನಡಿಗೆಯಲ್ಲಿ ಕಿತ್ತುಕೊಂಡು ಬರಲಿ, ಬರೆದಳು, ತಪ್ಪಾಯಿತು, ತಿದ್ದಿದಳು, ಓಡು — ಸಾವಿರ ಪುಟ, ಎರಡು ಸಾವಿರ, ಚಹಾ ಆರುವುದರೊಳಗೆ ಐದು, ಅಯ್ಯಯ್ಯ ಹೆಂಗ ಓಡಾಕತ್ತೈತಿ, ಹನ್ನೊಂದು ನಿಮಿಷ, ಮುಗಿಯಿತು, ಅರವತ್ತೆರಡು ಕಡೆ ಹೆಸರು, ಅದರಲ್ಲೊಂದು, ಹುಣಸಿಮರದ ಹೊಲ, ಪೂರ್ವಕ್ಕೆ ಊರವರು ತಿರುಗಾಡುವ ಬಂಡಿದಾರಿ. ಸರ್ ಬರ್ರಿ, ಲಗೂ ಬರ್ರಿ! ಕುಮಾರಸ್ವಾಮಿಯವರು ಓದಿದರು, ಕನ್ನಡಕ ಒರೆಸಿ ಮತ್ತೆ ಓದಿದರು, ಭಲೇ ನನ್ನವ್ವಾ, ಇದೊಂದ ಪುಟ ಸಾಕು, ಗೇಟು ಕಿತ್ತಂಗ.

ಆಯೀ, ದಾರಿ ಸಿಕ್ತು, ಮಾಳವ್ವನಿಗೆ ಫೋನಿನಲ್ಲಿ ಕಿರುಚಿದಳು, ಕಾಗದದಾಗ ಐತಿ, ಖರೇನ ಐತಿ. ಆಚೆ ಗಾಳಿ, ಎತ್ತಿನ ಗಂಟೆ, ಬಳಿಕ ಮಾಳವ್ವನ ನಗು, ಹಂಗಾರ ಬಂಡಿ ಋಣ ತೀರ್ತು ತಗೋ, ಕಸ ತಗಿಯಾಕ ಕಲಿಸಿದ್ದು ಇನ್ನೂ ಬಾಕಿ ಐತಿ. ಗೊತ್ತಿಲ್ಲ ಅವಳಿಗೆ, ದಾರಿ ಹುಡುಕಿಕೊಟ್ಟದ್ದೂ ಅದೇ ಕಲಿಕೆಯೆಂದು, ಹೇಳಬೇಕು, ಕಣ್ಣೆದುರು ಆ ಮುಷ್ಟಿ, ಬೆರಳ ಸಂದಿಯಲ್ಲಿ ಬಗೆಬಗೆಯ ಬೇರು, ಬೇರಿಗೆ ಕರಿಮಣ್ಣು.