ಬಾಯಿಗೆ ಕರವಸ್ತ್ರ

ನಮ್ಮ ಅಕ್ರೋಟು ಮರಗಳ ಸಾಲು ಮುಗಿಯುವಲ್ಲಿ ಆರ್ವಿಲ್ ಪ್ಲಂಕೆಟ್‌ನ ಕೋಳಿಗೂಡು ಶುರುವಾಗುತ್ತಿತ್ತು. ಗುಡ್ಡದ ಆಚೆಗಿನ ಸಿನಿಮಾ ಸ್ಟುಡಿಯೋದಲ್ಲಿ ನಾನು ಬಡಗಿ. ಅವನು ಅಲ್ಲೇ ಹಾಸ್ಯಚಿತ್ರಗಳಲ್ಲಿ ಬೀಳುವವನು. ಕೇಕು ಹೊತ್ತು ಬರುವ ಮಾಣಿ, ಏಣಿ ಹತ್ತಿದ ಬಣ್ಣದವನು, ಒದ್ದೆ ನೆಲದ ಮೇಲೆ ಕಾಲಿಟ್ಟ ಪೊಲೀಸಿನವನು, ಹೀಗೆ. ಪರದೆಯ ಮೇಲೆ ಹೆಸರು ಬರುವಂಥ ಪಾತ್ರ ಎಂದೂ ಸಿಗಲಿಲ್ಲ. ಕರೆ ಬಂದ ದಿನ ನನ್ನ ಗಾಡಿಯಲ್ಲೇ ಕೆಲಸಕ್ಕೆ ಬರುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ಫೋನು ಎತ್ತಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅದರ ಗಂಟೆ ಕೇಳಿಸಲೆಂದು ಅಡುಗೆಮನೆಯ ಕಿಟಕಿ ತೆರೆದಿಟ್ಟು ಕೋಳಿಗಳ ನಡುವೆ ಓಡಾಡಿಕೊಂಡಿರುತ್ತಿದ್ದ.

ಕ್ಯಾಮೆರಾ ಓಡುವಾಗ ಯಾರೂ ನಗುವಂತಿಲ್ಲ. ನಗುವಿನ ಸದ್ದು ಸೇರಿಕೊಂಡರೆ ತೆಗೆದದ್ದೆಲ್ಲ ಹಾಳು. ಅದಕ್ಕೇ ಆರ್ವಿಲ್ ಬೀಳುವ ದಿನ ದೀಪದವರು, ಬಡಗಿಗಳು, ಮೇಕಪ್ಪಿನವರು ಎಲ್ಲರೂ ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡು ನಿಲ್ಲುತ್ತಿದ್ದೆವು. ಅವನು ಬಿದ್ದಲ್ಲಿಂದಲೇ ಓರೆಗಣ್ಣಿನಲ್ಲಿ ನಮ್ಮನ್ನು ನೋಡುತ್ತಿದ್ದ. ಸದ್ದಿಲ್ಲದ ಆ ನಗುವೇ ಅವನಿಗೆ ಚಪ್ಪಾಳೆ.

ಟೆಲಿವಿಷನ್ ಬಂತು. ಕರೆಗಳು ಕಡಿಮೆಯಾಗಿ, ಆಮೇಲೆ ನಿಂತೇಹೋದವು. ಬಹಳ ದಿನಗಳ ನಂತರ ಒಂದು ವಸಂತದಲ್ಲಿ ಮತ್ತೆ ಕರೆದರು. ಟೆಲಿವಿಷನ್ ಧಾರಾವಾಹಿಯಲ್ಲಿ ಹಾಲಿನವನ ಪಾತ್ರ. ಮನೆಯ ಮೆಟ್ಟಿಲ ಮೇಲೆ ಜಾರಿ ಬೀಳಬೇಕು.

"ಇವತ್ತು ಒಂದು ಕರವಸ್ತ್ರನಾದ್ರೂ ಬಾಯಿಗೆ ಹೋಗ್ಬೇಕು ನೋಡು, ಡೆಲ್," ಎಂದ ಗಾಡಿಯಲ್ಲಿ. "ಇಲ್ಲ ಅಂದ್ರೆ ಮುಗೀತು. ಇನ್ನು ಈ ಗುಡ್ಡ ಹತ್ತೋದಿಲ್ಲ. ಕೋಳಿ ಸಾಕ್ಕೊಂಡು ಇದ್ಬಿಡ್ತೀನಿ."

"ಕೋಳಿಗಳಾದ್ರೂ ನಗ್ತವೇನೋ ನಿನ್ನ ನೋಡಿ?"

"ಅವು ನನ್ನ ಆಟ ಎಲ್ಲಾ ನೋಡಿ ಮುಗಿಸಿದಾವೆ ಮಾರಾಯ."

ಆ ಮೆಟ್ಟಿಲುಗಳನ್ನು ಮಾಡಿದವನು ನಾನೇ. ಆರ್ವಿಲ್ ಚೆನ್ನಾಗಿಯೇ ಬಿದ್ದ. ಮೊದಲು ಸೀಸೆಗಳು, ಆಮೇಲೆ ಅವನು, ಎಲ್ಲಕ್ಕಿಂತ ಕೊನೆಗೆ ಟೊಪ್ಪಿ ಬಂದು ಹೊಟ್ಟೆಯ ಮೇಲೆ ಕೂತಿತು. ಸುತ್ತ ನಿಂತವರೆಲ್ಲ ಹೊಸಬರು. ಒಬ್ಬ ಗಡಿಯಾರ ನೋಡುತ್ತಿದ್ದ, ಇನ್ನೊಬ್ಬ ಆಕಳಿಸುತ್ತಿದ್ದ. ಆರ್ವಿಲ್‌ನ ಕಣ್ಣು ನಮ್ಮ ಕಡೆ ಹೊರಳುವುದನ್ನು ಕಂಡು ನಾನು ಜೇಬಿನಿಂದ ಕರವಸ್ತ್ರ ತೆಗೆದು ಬಾಯಿಗೆ ಇಟ್ಟುಕೊಂಡೆ.

"ಸಾಕು. ಮುಂದಿಂದು ತಗೊಳ್ಳಿ," ಎಂದ ನಿರ್ದೇಶಕ.

ಆರ್ವಿಲ್ ಮಂಡಿ ಹಿಡಿದುಕೊಂಡು ಎದ್ದ. "ನಗು ಬರೋ ಹಾಗಿತ್ತಾ ಸರ್?"

"ಅದರ ಚಿಂತೆ ನಿಮಗ್ಯಾಕೆ ತಾತ? ನಗೋಕೆ ಯಂತ್ರ ಇದೆ. ಆಮೇಲೆ ಸೇರಿಸ್ತೀವಿ."

ವಾಪಸು ಬರುವಾಗ ಗುಡ್ಡ ಇಳಿದ ಮೇಲೆ ಅವನು ನನ್ನ ಕಡೆ ತಿರುಗಿದ.

"ಕರವಸ್ತ್ರ ತೆಗೆದೆ ನೀನು."

"ಹೂಂ. ತಡೆಯೋಕಾಗ್ಲಿಲ್ಲ."

"ಸುಳ್ಳು ಹೇಳ್ಬೇಡ್ವೋ. ನಿನ್ನ ಭುಜ ಅಲುಗಾಡ್ಲೇ ಇಲ್ಲ."

ನಾನು ರಸ್ತೆ ನೋಡುತ್ತ ಗಾಡಿ ಓಡಿಸಿದೆ.

ಧಾರಾವಾಹಿ ಬಂದ ಸಂಜೆ ಅವನು ಒಂದು ಬುಟ್ಟಿ ಮೊಟ್ಟೆ ಹಿಡಿದು ನಮ್ಮ ಮನೆಗೆ ಬಂದ. ಅವನಲ್ಲಿ ಟೆಲಿವಿಷನ್ ಇರಲಿಲ್ಲ. ಹಾಲಿನವನು ಬಂದ, ಬಿದ್ದ. ಪೆಟ್ಟಿಗೆಯೊಳಗಿಂದ ಭರ್ತಿಯಾದ ಚಿತ್ರಮಂದಿರದಂತೆ ನಗು ಉಕ್ಕಿತು. ನನ್ನ ಹೆಂಡತಿ ವರ್ನಾ ಹೆಣಿಗೆಯನ್ನು ಮಡಿಲಿಗೆ ಇಳಿಸಿದಳು.

"ಅಯ್ಯೋ, ಮಂಡಿಗೆ ಪೆಟ್ಟಾಯ್ತಾ ಆರ್ವಿಲ್?"

"ಸ್ವಲ್ಪ."

ನಗು ಇನ್ನೂ ನಿಂತಿರಲಿಲ್ಲ. ಸದ್ದು ಕಡಿಮೆ ಮಾಡೋಣವೆಂದು ನಾನು ಎದ್ದೆ.

"ಇರ್ಲಿ ಬಿಡು ಡೆಲ್," ಎಂದ ಆರ್ವಿಲ್. "ಪಾಪ, ಅಷ್ಟು ಜನ ನಗ್ತಿದಾರೆ."

ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ, ಮತ್ತೆ ಕರೆ ಬಂದಿದೆಯೇ ಎಂದು ಕೇಳಲು ಅವನ ಗೇಟಿನ ಮುಂದೆ ಗಾಡಿ ನಿಲ್ಲಿಸಿದೆ. ಅವನು ಜೋಳದ ಬಕೆಟ್ ಹಿಡಿದು ಅಂಗಳದಲ್ಲಿದ್ದ. ಮನೆಯೊಳಗೆ ಫೋನು ಬಡಿದುಕೊಳ್ಳುತ್ತಿದ್ದುದು ನನಗೂ ಕೇಳಿಸಿತು. ಅವನು ನನ್ನತ್ತ ನೋಡಿ, ಹೋಗು ಎಂದು ಕೈಬೀಸಿದ. ಆಮೇಲೆ ಅಡುಗೆಮನೆಯ ಕಿಟಕಿಯ ಬಳಿ ಹೋಗಿ ಅದನ್ನು ಹೊರಗಿನಿಂದಲೇ ಎಳೆದು ಮುಚ್ಚಿದ. ಕೋಳಿಗಳು ಕಾಲಿಗೆ ತೊಡರುತ್ತ ಅವನ ಹಿಂದೆಯೇ ಹೋದವು. ಅವನ್ನು ತುಳಿಯದಂತೆ ನೋಡಿಕೊಳ್ಳುತ್ತ, ಎಲ್ಲೂ ಜಾರದಂತೆ, ನಿಧಾನವಾಗಿ ಹೆಜ್ಜೆಯಿಟ್ಟು ಗೂಡಿನತ್ತ ನಡೆದ.