ಹಳ್ಳದ ಎಲೆ, ಹೊಸ ನೀರು

ದ್ರಾಕ್ಷಾಯಣಿ ಮೈಸೂರಿನ ಕಾಲೇಜಿನಿಂದ ಹಾನುಬಾಳಿನ ಕಾಫಿ ಎಸ್ಟೇಟಿಗೆ ಬಂದಿದ್ದು ಬೂಷ್ಟು ಹುಡುಕಲು. ಗೋಡೆಯ ಮೇಲಿನದಲ್ಲ, ಹಳಸಿದ ರೊಟ್ಟಿಯ ಮೇಲಿನದೂ ಅಲ್ಲ. ಹರಿಯುವ ಹಳ್ಳದಲ್ಲಿ, ಕೊಳೆಯುವ ಎಲೆಯ ಮೇಲೆ, ಬರಿಗಣ್ಣಿಗೆ ಕಾಣದಂತೆ ಬೆಳೆಯುವ ಬೂಷ್ಟು. ೧೯೬೮ರಲ್ಲಿ ಹೆಣ್ಣುಮಗಳೊಬ್ಬಳು ಅದಕ್ಕೋಸ್ಕರ ಬಸ್ಸು ಹತ್ತಿ ಬಂದಳೆಂದರೆ! ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ರಾಮಯ್ಯ ಸ್ಟೋರಿನ ಹಿಂದೆ ಹೋಗಿ ಹೊಟ್ಟೆ ತುಂಬ ನಕ್ಕು ಬಂದ.

ನಗಲಿ ಬಿಡಿ. ಹಳ್ಳದ ನೊರೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಅವಳಿಗೊಂದು ಬೂಷ್ಟಿನ ಬೀಜಕಣ ಸಿಕ್ಕಿತ್ತು: ನೆಗ್ಗಿಲ ಮುಳ್ಳಿನ ಹಾಗೆ ಚಾಚಿದ ನಾಲ್ಕು ತೋಳು, ತೋಳಿನ ತುದಿಯಲ್ಲೆಲ್ಲ ಪುಟ್ಟ ಕವಲು. ಅವಳು ಓದಿದ ಯಾವ ಪುಸ್ತಕದಲ್ಲೂ ಅಂಥದ್ದಿರಲಿಲ್ಲ. ಆದರೆ ತೇಲಿ ಬಂದದ್ದಕ್ಕೆ ಹೆಸರಿಡುವಂತಿಲ್ಲ. ಎಲೆಯ ಮೇಲೆ, ತನ್ನ ತೊಟ್ಟಿನ ತುದಿಯಲ್ಲಿ ಅದು ಹುಟ್ಟುವುದನ್ನು ಕಂಡರೆ ಮಾತ್ರ ಕುಲ ಗೋತ್ರ ಹೇಳಬಹುದು. ಎಲೆಗಳನ್ನು ಹಳ್ಳದ ನೀರಿನ ಸಮೇತ ಬಾಟಲಿಗೆ ತುಂಬಿ, ಬಿರಡೆ ಜಡಿದು ಹತ್ತು ದಿನ ಕಾದಳು. ಸಿಕ್ಕಿದ್ದು ನಾತ ಮಾತ್ರ.

ಕಡೆಯ ಪ್ರಯತ್ನವೆಂದು ಮೂರು ದಿನ ಆನೇಮಹಲ್ ಕಡೆಯ ಹಳ್ಳಗಳನ್ನು ಸುತ್ತಿ ಬರಿಗೈಯಲ್ಲಿ ಮರಳಿದಳು. ಮರುದಿನ ಮೈಸೂರಿಗೆ ಹೊರಡಬೇಕು. ತೊಟ್ಟು ಕಾಣದಿದ್ದರೆ ಮೂರು ವರ್ಷದ ಅಲೆದಾಟ ನೀರಿನಲ್ಲಿ ಹೋಮ. ತಾನಿಳಿದಿದ್ದ ಎಸ್ಟೇಟಿನ ಬಂಗಲೆಗೆ ಬಂದು ನೋಡಿದರೆ, ಬಾಟಲಿಗಳನ್ನೆಲ್ಲ ತೊಳೆದು ಬೋರಲು ಹಾಕಿದ್ದಾರೆ!

"ಚೆಲುವಮ್ಮಾ, ನನ್ನ ಎಲೆ ಎಲ್ಲಿ?"

ಅಡುಗೆಯ ಚೆಲುವಮ್ಮ ಸೆರಗಿಗೆ ಕೈ ಒರೆಸುತ್ತ ಬಂದಳು. "ಕೊಳ್ತು ನಾರ್ತಿದ್ವು ಕಣ್ರಮ್ಮ. ತೊಳ್ದು, ಕಳಲೆ ನೆನೆಹಾಕ್ದಂಗೆ ಹಾಕಿವ್ನಿ. ದಿನಾ ಹೊಸ ನೀರು ಹುಯ್ದಿವ್ನಿ."

ಕಳಲೆಯ, ಅಂದರೆ ಎಳೆ ಬಿದಿರಿನ ಮೊಳಕೆಯ, ಒಗರು ಹೋಗಲು ಮೂರು ದಿನ ನೀರು ಬದಲಾಯಿಸುವುದು ಆ ಕಡೆಯ ಅಡುಗೆಮನೆಗಳ ಕ್ರಮ. ದ್ರಾಕ್ಷಾಯಣಿಗೆ ಕೋಪ ನೆತ್ತಿಗೇರಿತು. "ಎಲ್ಲ ಹಾಳು ಮಾಡಿಬಿಟ್ರಲ್ಲ! ಅದೇನು ಪಲ್ಯದ ಸಾಮಾನೇ?" ಎಂದು ಕೂಗಾಡಿದಳು. ಚೆಲುವಮ್ಮ ಮೂರು ಅಗಲ ತಟ್ಟೆ ತಂದು ಜಗಲಿಯ ಮೇಜಿನ ಮೇಲಿಟ್ಟಳು. ತಿಳಿನೀರಿನಡಿ ಕಂದು ಎಲೆಗಳು. ನಾತ ಎಳ್ಳಷ್ಟೂ ಇಲ್ಲ.

ಮಳೆ ಹೊಳವು ಕೊಟ್ಟು ಬಿಸಿಲು ಬಿದ್ದಿತ್ತು. ದ್ರಾಕ್ಷಾಯಣಿ ಸಿಡುಕುತ್ತಲೇ ಒಂದು ಚೂರು ಎಲೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಅದರ ಕನ್ನಡಿಯನ್ನು ಬೆಳಕಿಗೆ ತಿರುಗಿಸಿದಳು. ಬಗ್ಗಿದವಳು ಏಳಲಿಲ್ಲ. ಎಲೆಯಂಚಿನುದ್ದಕ್ಕೂ ತೊಟ್ಟುಗಳು ಎದ್ದಿದ್ದವು. ತೊಟ್ಟು ತೊಟ್ಟಿನ ತುದಿಗೂ ಅದೇ ನಾಲ್ಕು ತೋಳು! ಅವಕ್ಕೆ ಬೇಕಿದ್ದದ್ದು ಗಾಳಿ ಬೆರೆತ ಹೊಸ ನೀರು, ಅಷ್ಟೇ. ಅದು ತಿಳಿಯದೆ ಹತ್ತು ದಿನ ಅವುಗಳ ಕತ್ತು ಹಿಚುಕಿದ್ದಳು ನಮ್ಮ ಪಂಡಿತೆ.

"ತಪ್ಪಾಯ್ತು ಚೆಲುವಮ್ಮ," ಎಂದಳು. "ಬನ್ನಿ, ನೀವು ಬೆಳೆಸಿದ್ದನ್ನು ನೀವೇ ನೋಡಿ."

ಚೆಲುವಮ್ಮ ನಿಂತಲ್ಲೇ ಬಗ್ಗಿ ಇಣುಕಿದಳು. "ಚೆಂದಾಗೈತೆ. ಇದು ಮಾಡೋ ಕೆಲ್ಸ ಏನಮ್ಮಾ?"

"ನನ್ನ ಅಂದಾಜು ಹೇಳ್ತೀನಿ. ಗಟ್ಟಿ ಎಲೆ ಹುಳಕ್ಕೆ ಸೇರೋಲ್ಲ. ಇದು ಅದನ್ನ ಮೆತ್ತಗೆ ಮಾಡಿ ರುಚಿ ಬರಿಸುತ್ತೆ. ಆಮೇಲೆ ಹುಳ ತಿನ್ನುತ್ತೆ, ಹುಳವನ್ನ ಮೀನು ತಿನ್ನುತ್ತೆ."

ಚೆಲುವಮ್ಮ ಮತ್ತೆ ಬಗ್ಗಿದಳು, ಈ ಸಲ ಬಹಳ ಹೊತ್ತು. "ಹಂಗಾರೆ ಇದೂ ಅಡ್ಗೆಯೋಳೇ ಬುಡಿ. ಯಾರ ಕಣ್ಗೂ ಬೀಳ್ದಂಗೆ ಹಳ್ಳಕ್ಕೆಲ್ಲ ಮಾಡಿ ಹಾಕ್ತೈತೆ."

ಹೊಸ ಬೂಷ್ಟಿಗೊಂದು ಹೆಸರು ಬರೆಯಲು ಪೆನ್ನು ತೆಗೆದಿದ್ದ ದ್ರಾಕ್ಷಾಯಣಿ ಅದನ್ನು ಮೇಜಿನ ಮೇಲಿಟ್ಟಳು. ಎದ್ದು, ತನ್ನ ಕುರ್ಚಿಯನ್ನು ಆಕೆಯ ಹತ್ತಿರ ಸರಿಸಿ, "ನಿಂತು ನೋಡಬೇಡಿ, ಕೂತ್ಕೊಳ್ಳಿ," ಎಂದಳು.

ಇಪ್ಪತ್ತು ವರ್ಷ ಆ ಬಂಗಲೆಯಲ್ಲಿ ಬೇಯಿಸಿದ ಚೆಲುವಮ್ಮ ಅಲ್ಲಿನ ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು.